ತೋಟದಂಚಿನ ಟ್ರೇಲ್ ಕ್ಯಾಮೆರಾ: ಹುಲ್ಲಿನ ಫೋಟೊ ಏಕೆ ಬರುತ್ತದೆ, ಪ್ರಾಣಿ ಹೇಗೆ ಸಿಗುತ್ತದೆ

ಮಳೆ ನಿಂತು ಗುಡ್ಡದ ಹುಲ್ಲು ಹಳದಿಯಾಗುವ ಹೊತ್ತಿಗೆ ಗೋವಾದ ವಾಳಪೈ, ಸಾಂಗೇ, ಕಾಣಕೋಣ ಕಡೆ ತೋಟ ನೋಡಿಕೊಂಡಿರುವ ನಮ್ಮ ಕನ್ನಡದವರಲ್ಲಿ ಹಲವರು ಟ್ರೇಲ್ ಕ್ಯಾಮೆರಾ, ಅಂದರೆ ಪ್ರಾಣಿ ಎದುರು ಹಾದಾಗ ತಾನಾಗಿಯೇ ಫೋಟೊ ತೆಗೆಯುವ ಕ್ಯಾಮೆರಾ, ತರಿಸುತ್ತಾರೆ. ರಾತ್ರಿ ಅಡಿಕೆ ಬುಡ ಕೆದಕಿದ್ದು ಕಾಡುಹಂದಿಯೋ ಮುಳ್ಳುಹಂದಿಯೋ, ಅಂಗಳದ ನಾಯಿಯನ್ನು ಹೊತ್ತೊಯ್ದದ್ದು ಚಿರತೆಯೇ ಹೌದೋ ಎಂದು ತಿಳಿಯಬೇಕು ಅವರಿಗೆ. ವಾರ ಬಿಟ್ಟು ಕಾರ್ಡ್ ತೆಗೆದರೆ ಎರಡು ಸಾವಿರ ಫೋಟೊ, ಅಷ್ಟರಲ್ಲೂ ಅಲ್ಲಾಡುವ ಹುಲ್ಲು. ಕ್ಯಾಮೆರಾವೇ ಕೆಟ್ಟಿದೆ ಎಂದುಕೊಂಡು ಕೈಬಿಡುವವರು ಬಹಳ. ನಿಜದಲ್ಲಿ ಕ್ಯಾಮೆರಾ ಚೆನ್ನಾಗಿಯೇ ಇರುತ್ತದೆ. ಅದು ಏನನ್ನು ಕಂಡು ಎಚ್ಚರಗೊಳ್ಳುತ್ತದೆ ಎಂಬುದನ್ನು ತಿಳಿದುಕೊಂಡರೆ ಕಟ್ಟುವ ಜಾಗ, ಎತ್ತರ, ದಿಕ್ಕು ಎಲ್ಲವೂ ತಾವಾಗಿಯೇ ಸರಿಹೋಗುತ್ತವೆ.

ಕ್ಯಾಮೆರಾದ ಮುಖದಲ್ಲಿ, ಲೆನ್ಸ್‌ಗಿಂತ ಕೆಳಗೆ, ಹಾಲುಬಣ್ಣದ ಉಬ್ಬಿದ ಪ್ಲಾಸ್ಟಿಕ್ ಇರುತ್ತದಲ್ಲ, ಅದರ ಹಿಂದಿರುವುದು ಪಿಐಆರ್ ಸೆನ್ಸರ್. ಅದಕ್ಕೆ ಆಕಾರ ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ. ಗೊತ್ತಿರುವುದು ಶಾಖ ಒಂದೇ. ಆ ಪ್ಲಾಸ್ಟಿಕ್ ಎದುರಿನ ನೋಟವನ್ನು ಹಲವು ಪಟ್ಟಿಗಳಾಗಿ ಸೀಳಿ ಸೆನ್ಸರಿನ ಮೇಲೆ ಬೀಳಿಸುತ್ತದೆ. ಹಿನ್ನೆಲೆಗಿಂತ ಬೇರೆ ಬಿಸಿಯಿರುವ ವಸ್ತು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸರಿದಾಗ ಸೆನ್ಸರಿನಲ್ಲಿ ಸಣ್ಣ ವಿದ್ಯುತ್ ಏರುಪೇರಾಗಿ ಕ್ಯಾಮೆರಾ ಎಚ್ಚರಗೊಳ್ಳುತ್ತದೆ. ಶಾಖದ ವ್ಯತ್ಯಾಸವೂ ಬೇಕು, ಚಲನೆಯೂ ಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಫೋಟೊ ಇಲ್ಲ.

ಇಷ್ಟು ಗೊತ್ತಾದರೆ ಹುಲ್ಲಿನ ಫೋಟೊಗಳ ಗುಟ್ಟು ಬಿಡುತ್ತದೆ. ಬಿಸಿಲಿಗೆ ಕಾದ ಎಲೆ ಗಾಳಿಗೆ ಆಡಿದರೆ ಸೆನ್ಸರಿನ ಪಾಲಿಗೆ ಅದೂ ಒಂದು ಪ್ರಾಣಿಯೇ. ಗೋವಾದಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ: ಚಿರೆಕಲ್ಲು. ಕಲ್ಲಿನ ಹಾಸು ಹಗಲೆಲ್ಲ ಬಿಸಿಲು ಕುಡಿದು ಕತ್ತಲಾದ ಮೇಲೂ ಶಾಖ ಬಿಡುತ್ತಿರುತ್ತದೆ. ಅದರ ಮುಂದೆ ತಂಪಾದ ಹಸಿರು ರೆಂಬೆ ತೂಗಿದರೂ ಸಾಕು, ಕ್ಯಾಮೆರಾ ಒಂದರ ಹಿಂದೊಂದು ಫೋಟೊ ಹೊಡೆಯುತ್ತಲೇ ಇರುತ್ತದೆ. ಹಾಗಾಗಿ ಹಿನ್ನೆಲೆಯಲ್ಲಿ ಬಯಲು ಕಲ್ಲು, ಚಿರೆಕಲ್ಲಿನ ಪಾಗಾರ, ತಗಡಿನ ಚಾವಣಿ ಬರದಂತೆ ನೋಡಿಕೊಳ್ಳಬೇಕು. ನೆರಳಿರುವ ಮಣ್ಣಿನ ದಿಬ್ಬ ಅಥವಾ ದಪ್ಪ ಪೊದೆ ಹಿಂದಿದ್ದರೆ ಒಳ್ಳೆಯದು.

ಇದೇ ಕಾರಣಕ್ಕೆ ತಿರುಗುಮುರುಗಿನ ತೊಂದರೆಯೂ ಇದೆ. ಏಪ್ರಿಲ್–ಮೇ ಮಧ್ಯಾಹ್ನ ಗಾಳಿಯೇ 34–35 ಡಿಗ್ರಿ ಮುಟ್ಟಿದಾಗ ಪ್ರಾಣಿಯ ಕೂದಲಿನ ಮೇಲ್ಮೈಗೂ ಸುತ್ತಲಿನ ನೆಲಕ್ಕೂ ಶಾಖದಲ್ಲಿ ಹೆಚ್ಚು ಅಂತರ ಉಳಿಯುವುದಿಲ್ಲ. ಕಾಟಿ (ಕಾಡುಕೋಣ) ಎದುರಿಗೇ ಹಾದುಹೋದರೂ ಸೆನ್ಸರ್ ಸುಮ್ಮನಿರಬಹುದು. ಬೇಸಿಗೆಯ ಹಗಲಿನಲ್ಲಿ ಫೋಟೊ ಬರಲಿಲ್ಲ ಎಂದಮಾತ್ರಕ್ಕೆ ಪ್ರಾಣಿ ಹಗಲು ಓಡಾಡುವುದಿಲ್ಲ ಎಂದು ತೀರ್ಮಾನಿಸಬಾರದು. ಸೆಟ್ಟಿಂಗ್‌ನಲ್ಲಿ ಸೆನ್ಸಿಟಿವಿಟಿ ಎಂದಿರುತ್ತದೆ. ಬೇಸಿಗೆಗೆ ಅದನ್ನು ಹೈ ಮಾಡಿ, ಡಿಸೆಂಬರ್–ಜನವರಿಯ ತಂಪಿನಲ್ಲಿ ಮೀಡಿಯಂ ಅಥವಾ ಲೋಗೆ ಇಳಿಸಿ. ಆಟೊ ಇದ್ದರೆ ಅದನ್ನೇ ಬಿಡಬಹುದು, ಆದರೆ ಅಗ್ಗದ ಮಾದರಿಗಳಲ್ಲಿ ಅದನ್ನು ಪೂರಾ ನಂಬುವಂತಿಲ್ಲ.

ನೀರಿನ ಪ್ರಾಣಿಗಳಿಗೆ ಈ ಸೆನ್ಸರ್ ಅಷ್ಟಾಗಿ ಒಗ್ಗುವುದಿಲ್ಲ. ಚೋಡಣ, ದೀವಾಡಿ ದ್ವೀಪಗಳ ಕಾಂಡ್ಲಾ (ಮ್ಯಾಂಗ್ರೋವ್) ಬದಿಯಲ್ಲಿ ನೀರುನಾಯಿಗಳಿವೆ. ನೀರಿನಿಂದ ಆಗಷ್ಟೇ ಮೇಲೆ ಬಂದ ನೀರುನಾಯಿಯ ಮೈ ಹೊರಗಡೆ ನೀರಿನಷ್ಟೇ ತಂಪು, ಸೆನ್ಸರಿಗೆ ಸಿಕ್ಕುವುದು ಕಷ್ಟ. ಅದು ಮೈ ಒಣಗಿಸಿಕೊಳ್ಳಲು ಹೊರಳಾಡುವ, ಹಿಕ್ಕೆ ಹಾಕುವ ಕಲ್ಲಿನ ಹತ್ತಿರ ಇಟ್ಟರೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಮೈ ಕಾವೇರುತ್ತದೆ, ಸಿಗುತ್ತದೆ. ಕುಂಭಾರಜುವೆ ಕಾಲುವೆಯ ಮೊಸಳೆಗಳಿಗಂತೂ ಪಿಐಆರ್ ಬಿಟ್ಟು ಟೈಮ್‌ಲ್ಯಾಪ್ಸ್ ಹಾಕಬೇಕು: ಬೆಳಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ ಐದು ನಿಮಿಷಕ್ಕೊಂದು ಫೋಟೊ. ಬಿಸಿಲು ಕಾಯಿಸಲು ದಡಕ್ಕೆ ಬಂದ ಮೊಸಳೆ ಗಂಟೆಗಟ್ಟಲೆ ಕದಲುವುದಿಲ್ಲ, ಅಷ್ಟು ಅಂತರ ಧಾರಾಳವಾಯಿತು.

ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು

ನಿಮ್ಮ ಹೆಸರಿನ ತೋಟ, ಅಥವಾ ಮಾಲೀಕರು ಒಪ್ಪಿದ ತೋಟ ಇಷ್ಟೇ. ಮಹದಾಯಿ, ನೇತ್ರಾವಳಿ, ಕೋಟಿಗಾಂವ್, ಭಗವಾನ್ ಮಹಾವೀರ ಅಭಯಾರಣ್ಯಗಳೊಳಗೆ ಹೋಗಿ ಕ್ಯಾಮೆರಾ ಕಟ್ಟಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನ ಪ್ರಕಾರ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಬೇಕು. ಮೀಸಲು ಅರಣ್ಯಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕೇ ಬೇಕು. ‘ಬೇಲಿಯಿಂದ ನೂರೇ ಮೀಟರ್ ಆಚೆ, ಯಾರು ನೋಡುತ್ತಾರೆ’ ಎನ್ನಬೇಡಿ. ಅಲ್ಲಿ ಇಲಾಖೆಯದೇ ಕ್ಯಾಮೆರಾ ಇರಬಹುದು, ನಿಮ್ಮ ಫೋಟೊ ಅದರಲ್ಲಿ ಬರುತ್ತದೆ.

ಇನ್ನು ಆಮಿಷದ ಮಾತು. ಕೋಳಿ ಕರುಳು, ಒಣಮೀನು, ಹಲಸಿನ ಹಣ್ಣು ಇಟ್ಟು ಪ್ರಾಣಿ ಕರೆಯುವುದನ್ನು ವಿಡಿಯೊಗಳಲ್ಲಿ ಹೊಗಳುತ್ತಾರೆ. ನಮ್ಮ ಕಾಯ್ದೆಯಲ್ಲಿ ಬೇಟೆ ಎಂಬುದರ ವ್ಯಾಖ್ಯೆಯೊಳಗೇ ಆಮಿಷ ಒಡ್ಡುವುದೂ ಸೇರಿದೆ. ಕಾನೂನು ಹಾಗಿರಲಿ, ಮನೆ ಹಿತ್ತಲಿಗೆ ಚಿರತೆಗೆ ದಾರಿ ತೋರಿಸಿಕೊಡುವುದು ಯಾರಿಗೂ ಒಳ್ಳೆಯದಲ್ಲ. ಸರಿಯಾದ ಜಾಗ ಹುಡುಕಿದರೆ ಆಮಿಷ ಬೇಕಾಗುವುದೂ ಇಲ್ಲ.

ಜಾಗ ಹುಡುಕುವುದಕ್ಕೆ ಒಂದಿಡೀ ಬೆಳಗ್ಗೆ ಕೊಡಿ, ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋಗಿ. ಇಬ್ಬನಿ ಆರುವ ಮೊದಲು ತೋಟದ ಅಂಚು ಸುತ್ತಿದರೆ ಹೆಜ್ಜೆ ಸ್ಪಷ್ಟವಾಗಿ ಕಾಣುತ್ತದೆ. ಬೇಲಿಯ ಕೆಳಗೆ ಹಂದಿ ನುಸುಳುವ ಕಂಡಿಯಲ್ಲಿ ತಂತಿಗೆ ಕೆಸರು, ಕೂದಲು ಅಂಟಿರುತ್ತದೆ. ಮುಳ್ಳುಹಂದಿ ಓಡಾಡುವಲ್ಲಿ ಒಂದೋ ಎರಡೋ ಮುಳ್ಳು ಬಿದ್ದಿರುತ್ತದೆ. ಪುನುಗುಬೆಕ್ಕಿನ ಹಿಕ್ಕೆ ಮರದ ದಿಮ್ಮಿಯ ಮೇಲೋ ಕಲ್ಲಿನ ಮೇಲೋ, ತುಂಬ ಬೀಜಗಳ ಸಮೇತ. ಚಿರತೆ ಕಷ್ಟಪಟ್ಟು ಪೊದೆ ನುಗ್ಗುವ ಪ್ರಾಣಿಯಲ್ಲ. ಗಾಡಿದಾರಿ, ಗುಡ್ಡದ ಏಣು, ಒಣಗಿದ ಹಳ್ಳದ ಮರಳು, ಇವೇ ಅದರ ದಾರಿ. ದಾರಿ ಕವಲೊಡೆಯುವಲ್ಲಿ ಕೂದಲು ತುಂಬಿದ ಹಿಕ್ಕೆಯೋ ಹಿಂಗಾಲಲ್ಲಿ ಕೆರೆದ ಗುರುತೋ ಸಿಕ್ಕರೆ ಅಲ್ಲೇ ಕಟ್ಟಿ, ಬೇರೆಡೆ ಹುಡುಕಬೇಡಿ. ಬರಿಂಕ, ಅಂದರೆ ಮೊಲದಷ್ಟು ಚಿಕ್ಕ ಜಿಂಕೆಯಂಥ ಪ್ರಾಣಿ, ಮಾತ್ರ ದಾರಿಗೆ ಬರುವುದು ಕಡಿಮೆ. ಅದಕ್ಕೆ ಹಳ್ಳದ ಪಕ್ಕದ ಮಬ್ಬುಗತ್ತಲೆ, ಬಿದಿರು ಮೆಳೆ, ಬಿದ್ದ ಮರದ ಮಗ್ಗುಲು ಬೇಕು.

ಗೇರು ಹಣ್ಣಾಗುವ ಮಾರ್ಚ್‌ನಿಂದ ಮೇವರೆಗೆ ಗೇರುತೋಟದ ಮೇಲ್ಗಡೆಯ ಅಂಚು ಒಳ್ಳೆಯ ಜಾಗ. ಬಿದ್ದ ಹಣ್ಣಿಗೆ ಹಂದಿ, ಪುನುಗುಬೆಕ್ಕು, ಕೆಲವು ಕಡೆ ಕರಡಿಯೂ ಬರುತ್ತದೆ. ಆದರೆ ಬೆಳಕು ಹರಿಯುವ ಮುಂಚೆಯೇ ಹಣ್ಣು ಹೆಕ್ಕುವವರು ಬರುತ್ತಾರೆ. ಮರದ ಕೆಳಗೇ ಕಟ್ಟಿದರೆ ಕಾರ್ಡ್ ತುಂಬ ಬುಟ್ಟಿ ಹೊತ್ತ ಹೆಂಗಸರ ಫೋಟೊ. ಪ್ರಾಣಿ ಕಾಡಿನಿಂದ ತೋಟಕ್ಕೆ ಇಳಿಯುವ ಸಂದಿನಲ್ಲಿ, ಜನ ಕಾಲಿಡದ ಕಡೆ ಕಟ್ಟಬೇಕು.

ಕಟ್ಟುವ ಬಗೆ

ಮೊದಲು ಮರ. ಅಡಿಕೆ ಮರಕ್ಕೆ ಕಟ್ಟಲೇಬೇಡಿ. ಸಣ್ಣ ಗಾಳಿಗೂ ಅದು ತೂಗುತ್ತದೆ. ಕ್ಯಾಮೆರಾ ತೂಗಿದರೆ ಸೆನ್ಸರಿಗೆ ಎದುರಿನ ಜಗತ್ತೆಲ್ಲ ತೂಗಿದಂತೆ, ಮತ್ತೆ ಖಾಲಿ ಫೋಟೊಗಳ ರಾಶಿ. ಸೋಗೆ ಬಿದ್ದರೆ ಹಾಳೆ ಬಂದು ಕ್ಯಾಮೆರಾದ ಮುಂದೆ ಪರದೆಯಂತೆ ನೇತಾಡುವುದೂ ಉಂಟು. ತೊಡೆಗಿಂತ ದಪ್ಪವಿರುವ ಮತ್ತಿ, ಹಲಸು, ಮಾವು ನೋಡಿ. ಮರವೇ ಇಲ್ಲದ ಕಡೆ ಒಂದೂವರೆ ಅಡಿ ಆಳಕ್ಕೆ ಹೂತ ಗಟ್ಟಿ ಗೂಟ. ಮೊಳೆ ಹೊಡೆಯಬೇಡಿ, ಜೊತೆಗೆ ಬರುವ ಪಟ್ಟಿಯೇ ಸಾಕು.

ಎತ್ತರ ಪ್ರಾಣಿಗೆ ತಕ್ಕಂತೆ. ಚಿರತೆ, ಹಂದಿ, ಕಾಡುಕುರಿಗೆ ಮೊಣಕಾಲಿನ ಎತ್ತರ, ಅಂದರೆ 40–50 ಸೆಂ.ಮೀ. ಬರಿಂಕ, ಮುಂಗುಸಿ, ಪುನುಗುಬೆಕ್ಕಿಗೆ 20–30. ಕಡವೆ, ಕಾಟಿಗೆ 70–80. ಎಲ್ಲವೂ ಬೇಕೆಂದರೆ ಮೊಣಕಾಲಿನ ಎತ್ತರವೇ ಇರಲಿ; ಕಾಟಿಯ ಕೊಂಬು ಫ್ರೇಮಿನಿಂದ ಹೊರಗೆ ಹೋದೀತು, ಆದರೆ ಯಾವ ಪ್ರಾಣಿಯೂ ತಪ್ಪುವುದಿಲ್ಲ. ಕಳ್ಳರ ಭಯಕ್ಕೆ ತಲೆಗಿಂತ ಮೇಲೆ ಕಟ್ಟಿ ಕೆಳಮುಖ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಸೆನ್ಸರಿನ ಪಟ್ಟಿಗಳು ನೆಲಕ್ಕೆ ಬಡಿದು ಅಲ್ಲೇ ಮುಗಿದುಹೋಗುತ್ತವೆ, ಸಣ್ಣ ಪ್ರಾಣಿ ಸಿಗುವುದೇ ಇಲ್ಲ, ಸಿಕ್ಕದ್ದೂ ಬೆನ್ನು ಮಾತ್ರ.

ದಾರಿಯಿಂದ ದೂರ ಎರಡೂವರೆಯಿಂದ ನಾಲ್ಕು ಮೀಟರ್. ಇನ್ನೂ ಹತ್ತಿರವಾದರೆ ರಾತ್ರಿಯ ಫ್ಲ್ಯಾಷ್‌ಗೆ ಮೈಯೆಲ್ಲ ಬೆಳ್ಳಗೆ ಸುಟ್ಟಂತೆ ಬರುತ್ತದೆ, ಚಿರತೆಯ ಚುಕ್ಕೆ ಒಂದೂ ಕಾಣುವುದಿಲ್ಲ. ಕೋನದ ವಿಷಯದಲ್ಲಿ ರಾಜಿಯೊಂದಿದೆ. ಪ್ರಾಣಿ ಅಡ್ಡ ಹಾದರೆ ಸೆನ್ಸರ್ ಬೇಗ ಹಿಡಿಯುತ್ತದೆ, ಆದರೆ ಕ್ಯಾಮೆರಾ ಎಚ್ಚರಗೊಳ್ಳುವಷ್ಟರಲ್ಲಿ ಬಾಲ ಮಾತ್ರ ಉಳಿದಿರುತ್ತದೆ. ನೇರ ಎದುರಿನಿಂದ ಬಂದರೆ ಪಟ್ಟಿ ದಾಟುವುದೇ ತಡ, ತೀರಾ ಹತ್ತಿರ ಬಂದ ಮೇಲೆ ಗೊತ್ತಾಗುತ್ತದೆ. ದಾರಿಗೆ ಸುಮಾರು 45 ಡಿಗ್ರಿ ಓರೆಯಾಗಿಟ್ಟರೆ ಎರಡೂ ಒಂದಷ್ಟು ಸಿಗುತ್ತವೆ. ಚಿರತೆ ಯಾವುದೆಂದು ಗುರುತಿಸಬೇಕಾದವರು ಮಾತ್ರ ಲಂಬವಾಗಿಯೇ ಇಡಬೇಕು, ಪಕ್ಕೆಯ ಚುಕ್ಕೆ ಪೂರ್ತಿ ಕಾಣಬೇಕಲ್ಲ.

ಮುಖ ಉತ್ತರಕ್ಕಿರಲಿ. ಪೂರ್ವ, ಪಶ್ಚಿಮಕ್ಕೆ ತಿರುಗಿಸಿದರೆ ಉದಯಾಸ್ತದ ಓರೆ ಬಿಸಿಲು ನೇರ ಸೆನ್ಸರಿಗೆ ಬಿದ್ದು, ಪ್ರಾಣಿಗಳು ಹೆಚ್ಚು ಓಡಾಡುವ ಹೊತ್ತಿನಲ್ಲೇ ಅದು ಕುರುಡಾಗುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಆ ದಿಕ್ಕೂ ಅಷ್ಟು ಒಳ್ಳೆಯದಲ್ಲ.

ಇಳಿಜಾರಿನಲ್ಲಿ ಬಹಳ ಮಂದಿ ಎಡವುವುದು ಇಲ್ಲಿ: ಕ್ಯಾಮೆರಾ ಮರಕ್ಕೆ ಸಮಾನಾಂತರವಾಗಿದ್ದರೆ ಸಾಲದು, ಎದುರಿನ ನೆಲಕ್ಕೆ ಸಮಾನಾಂತರವಾಗಿರಬೇಕು. ದಾರಿ ಮೇಲ್ಗಡೆ ಇದ್ದರೆ ಕ್ಯಾಮೆರಾದ ಕೆಳಬದಿಯ ಹಿಂದೆ, ಕೆಳಗಡೆ ಇದ್ದರೆ ಮೇಲ್ಬದಿಯ ಹಿಂದೆ ಬೆರಳು ದಪ್ಪದ ಕೋಲಿನ ತುಂಡು ತುರುಕಿ ಪಟ್ಟಿ ಬಿಗಿಯಿರಿ. ಆಮೇಲೆ ಪರೀಕ್ಷೆ. ಟೆಸ್ಟ್ ಮೋಡಿಗೆ ಹಾಕಿ, ಪ್ರಾಣಿ ಬರುವ ದಾರಿಯಲ್ಲೇ, ಪ್ರಾಣಿಯ ಎತ್ತರಕ್ಕೆ ಬಗ್ಗಿ, ಅಂದರೆ ಕೈಕಾಲೂರಿ ಅಂಬೆಗಾಲಿನಲ್ಲಿ ಹಾದುಹೋಗಿ. ಕೆಂಪು ದೀಪ ಎಲ್ಲಿ ಮಿನುಗಿತು ನೋಡಿ. ನೆಟ್ಟಗೆ ನಡೆದು ನೋಡಿದರೆ ಮನುಷ್ಯರ ಎದೆಯ ಶಾಖಕ್ಕೆ ದೀಪ ಹತ್ತುತ್ತದೆ, ಬರಿಂಕಕ್ಕೆ ಹತ್ತುತ್ತದೆಂದು ಅದರಿಂದ ತಿಳಿಯುವುದಿಲ್ಲ. ಟೆಸ್ಟ್ ಮುಗಿದ ಮೇಲೆ ಸ್ವಿಚ್ ಆನ್‌ಗೆ ತಳ್ಳಲು ಮರೆಯದಿರಿ.

ಎದುರಿನ ಮೂರು ಮೀಟರ್‌ವರೆಗಿನ ಹುಲ್ಲು, ಜೋತುಬಿದ್ದ ಬಳ್ಳಿ ಕತ್ತಿಯಲ್ಲಿ ಸವರಿ. ಹುಲ್ಲು ಸೆನ್ಸರನ್ನು ಎಬ್ಬಿಸುವುದೊಂದೇ ಅಲ್ಲ, ರಾತ್ರಿ ಹತ್ತಿರದ ಒಂದು ಎಲೆಗೆ ಫ್ಲ್ಯಾಷ್ ಬಡಿದರೂ ಕ್ಯಾಮೆರಾ ಆ ಎಲೆಗೆ ಬೆಳಕು ಹೊಂದಿಸಿಕೊಂಡು ಹಿಂದಿನ ಪ್ರಾಣಿಯನ್ನು ಕಗ್ಗತ್ತಲು ಮಾಡುತ್ತದೆ. ಹಾಗೆಂದು ಅಂಗಳದಂತೆ ಬೋಳಿಸಬೇಡಿ, ಪ್ರಾಣಿಗೆ ಅನುಮಾನ ಬಂದು ಸುತ್ತಿಕೊಂಡು ಹೋಗುತ್ತದೆ.

ಸೆಟ್ಟಿಂಗ್

ಡಬ್ಬಿಯ ಮೇಲೆ 24, 36 ಮೆಗಾಪಿಕ್ಸೆಲ್ ಎಂದು ಬರೆದಿದ್ದರೂ ಇಂಥ ಬಹುತೇಕ ಕ್ಯಾಮೆರಾಗಳ ನಿಜವಾದ ಸೆನ್ಸರ್ ಅದಕ್ಕಿಂತ ತುಂಬ ಚಿಕ್ಕದು. ಉಳಿದದ್ದು ಸಾಫ್ಟ್‌ವೇರ್ ಹಿಗ್ಗಿಸಿದ್ದು. ದೊಡ್ಡ ಅಂಕಿ ಇಟ್ಟರೆ ವಿವರವೇನೂ ಹೆಚ್ಚುವುದಿಲ್ಲ, ಕಾರ್ಡ್ ಬೇಗ ತುಂಬುತ್ತದೆ, ಒಂದು ಫೋಟೊ ಬರೆದು ಮುಗಿಸಿ ಮುಂದಿನದಕ್ಕೆ ತಯಾರಾಗುವುದೂ ನಿಧಾನ. 4ರಿಂದ 8 ಸಾಕು. ಒಮ್ಮೆ ಎಚ್ಚರವಾದರೆ ಮೂರು ಫೋಟೊ, ಅಂತರ 5–10 ಸೆಕೆಂಡ್. ನೀರಿನ ಗುಂಡಿಯಲ್ಲಿ ಮಂಗಗಳು ಗಂಟೆಗಟ್ಟಲೆ ಕೂರುವ ಜಾಗವಾದರೆ ಅಂತರ ಒಂದು ನಿಮಿಷಕ್ಕೇರಿಸಿ. ವಿಡಿಯೊ ನೋಡಲು ಚೆಂದ, ನಡವಳಿಕೆ ತಿಳಿಯಲು ಉಪಯುಕ್ತ, ಆದರೆ ರಾತ್ರಿ 20 ಸೆಕೆಂಡ್ ವಿಡಿಯೊ ಎಂದರೆ 20 ಸೆಕೆಂಡೂ ಎಲ್‌ಇಡಿ ಉರಿಯುತ್ತದೆ, ಬ್ಯಾಟರಿ ಕರಗುತ್ತದೆ.

ಫ್ಲ್ಯಾಷ್ ಕೊಳ್ಳುವಾಗಲೇ ತೀರ್ಮಾನವಾಗುವ ವಿಷಯ. 850 ನ್ಯಾನೊಮೀಟರ್ ತರಂಗಾಂತರದ ಅತಿಕೆಂಪು ಬೆಳಕಿನದು ಹೆಚ್ಚು ದೂರ ಬೆಳಗುತ್ತದೆ, ಚಿತ್ರ ಸ್ವಚ್ಛ, ಆದರೆ ಎಲ್‌ಇಡಿ ಸಾಲು ಕೆಂಡದಂತೆ ಮಂದವಾಗಿ ಕಾಣುತ್ತದೆ. 940ರದು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ, ಅದರ ಬದಲಿಗೆ ಬೆಳಕಿನ ದೂರ ಕಡಿಮೆ, ಚಿತ್ರದಲ್ಲಿ ಕಾಳುಕಾಳು. ಜನ ಓಡಾಡುವ ಊರಿನಂಚಿಗೆ 940 ಕೊಳ್ಳಿ. ಸಿಮ್ ಹಾಕುವ ಕ್ಯಾಮೆರಾಗಳ ಗೊಡವೆ ಘಟ್ಟದ ಬುಡದಲ್ಲಿ ಬೇಡ. ನೆಟ್‌ವರ್ಕ್ ಹುಡುಕಿ ಹುಡುಕಿಯೇ ಬ್ಯಾಟರಿ ಮುಗಿಸುತ್ತವೆ.

ದಿನಾಂಕ, ಸಮಯ ಪ್ರತಿ ಸಲವೂ ನೋಡಿ. ಸೆಲ್ ತೆಗೆದು ಹಾಕಿದಾಗ ಕೆಲವು ಮಾದರಿಗಳಲ್ಲಿ ಗಡಿಯಾರ ಮೊದಲಿನ ವರ್ಷಕ್ಕೆ ಹೋಗುತ್ತದೆ. ಬೆಳಗ್ಗೆ, ಸಂಜೆ ಅದಲುಬದಲಾಗಿದ್ದರೆ ಪುನುಗುಬೆಕ್ಕು ಹಗಲು ಹನ್ನೆರಡಕ್ಕೆ ತಿರುಗಾಡಿದಂತೆ ದಾಖಲಾಗುತ್ತದೆ. ಇದಕ್ಕೆ ಸುಲಭದ ವಿಮೆಯಿದೆ: ಕ್ಯಾಮೆರಾ ಆನ್ ಮಾಡಿದ ಕೂಡಲೇ ಒಂದು ಹಲಗೆಯ ಮೇಲೆ ಜಾಗದ ಸಂಕೇತ, ದಿನಾಂಕ, ಮೊಬೈಲಿನ ಸಮಯ ಬರೆದು ಅದರೆದುರು ಹಿಡಿಯಿರಿ. ಕಾರ್ಡ್ ತೆಗೆಯುವಾಗಲೂ ಹಾಗೆಯೇ. ಗಡಿಯಾರ ತಪ್ಪಿದ್ದರೂ ಎಷ್ಟು ತಪ್ಪಿದೆ ಎಂಬುದು ಆ ಎರಡು ಫೋಟೊಗಳಿಂದ ಸಿಗುತ್ತದೆ, ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಲ್ಲಿ ಇಡೀ ಫೋಲ್ಡರಿನ ಸಮಯ ಒಂದೇ ಸಲ ಸರಿಸಬಹುದು.

ಸೆಲ್ ಮತ್ತು ಕಾರ್ಡ್

‘ಹಗಲು ಚೆನ್ನಾಗಿ ಬರುತ್ತದೆ, ರಾತ್ರಿ ಬರೀ ಕಪ್ಪು’ ಎಂಬ ದೂರಿಗೆ ಹೆಚ್ಚಿನ ಸಲ ಸೆಲ್ಲೇ ಕಾರಣ. ಹಗಲಿನ ಫೋಟೊಗೆ ಕರೆಂಟ್ ಕಡಿಮೆ ಸಾಕು. ರಾತ್ರಿ ಹತ್ತಿಪ್ಪತ್ತು ಎಲ್‌ಇಡಿ ಒಟ್ಟಿಗೆ ಉರಿಯುವಾಗ ಅರ್ಧ ಖಾಲಿಯಾದ ಅಲ್ಕಲೈನ್ ಸೆಲ್‌ನ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಮಂದ ಫೋಟೊ ತೆಗೆಯುತ್ತದೆ ಇಲ್ಲವೇ ತಾನೇ ಆರಿಹೋಗುತ್ತದೆ. ಬೆಳಗ್ಗೆ ನೀವು ಹೋಗಿ ನೋಡಿದಾಗ ಮೀಟರ್ ಮಾತ್ರ ಅರ್ಧ ಇದೆ ಎನ್ನುತ್ತದೆ.

ಬಿಸಾಡುವ ಲಿಥಿಯಂ ಎಎ ಸೆಲ್ ಕೊನೆಯವರೆಗೂ 1.5 ವೋಲ್ಟ್ ಹತ್ತಿರವೇ ನಿಲ್ಲುತ್ತದೆ, ಸೋರುವುದಿಲ್ಲ, ಬೆಲೆ ಮಾತ್ರ ಜಾಸ್ತಿ. ವರ್ಷಪೂರ್ತಿ ಕೆಲಸ ಮಾಡುವವರಿಗೆ ಒಳ್ಳೆಯದು 2000 ಎಂಎಎಚ್ ಸುತ್ತಿನ, ಸುಮ್ಮನಿಟ್ಟಾಗ ಬೇಗ ಚಾರ್ಜ್ ಕಳೆದುಕೊಳ್ಳದ ಜಾತಿಯ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಅದರ ವೋಲ್ಟೇಜ್ 1.2 ಆದ್ದರಿಂದ ಕ್ಯಾಮೆರಾದ ಮೀಟರ್ ಮೊದಲ ದಿನದಿಂದಲೇ ಕಡಿಮೆ ತೋರಿಸುತ್ತದೆ, ಗಾಬರಿ ಬೇಡ. ಆದರೆ 1.2 ವೋಲ್ಟ್ ಸೆಲ್ ಒಪ್ಪದ ಮಾದರಿಗಳೂ ಇವೆ, ಕೈಪಿಡಿ ನೋಡಿಯೇ ಕೊಳ್ಳಿ. ಸೆಲ್‌ಗಳಿಗೆ ಮಾರ್ಕರಿನಲ್ಲಿ ನಂಬರ್ ಹಾಕಿ, ಎಂಟು ಸೆಲ್‌ಗಳ ಗುಂಪು ಯಾವತ್ತೂ ಒಡೆಯದಂತೆ ಬಳಸಿ. ಹೊಸತರ ಜೊತೆ ಹಳೆಯದೊಂದನ್ನು ಸೇರಿಸಿದರೆ ಅದು ಮೊದಲು ಬರಿದಾಗಿ, ಉಳಿದವು ಅದರ ಮೂಲಕ ಉಲ್ಟಾ ಕರೆಂಟ್ ನೂಕುತ್ತವೆ. ಸೆಲ್ ಸೋರುತ್ತದೆ, ಸ್ಪ್ರಿಂಗ್ ಹಸಿರುಗಟ್ಟುತ್ತದೆ. ರಿಮೋಟಿಗೆ ಹಾಕುವ ಅಗ್ಗದ ಸತುವಿನ ಸೆಲ್ ತೋಟಕ್ಕೆ ಒಯ್ಯಲೇಬೇಡಿ.

ಕಾರ್ಡ್ 32 ಜಿಬಿ, ಕ್ಲಾಸ್ 10. ದೊಡ್ಡದು ಬೇಡವೆನ್ನಲು ಕಾರಣವಿದೆ: 64 ಜಿಬಿಯಿಂದ ಮೇಲಿನವು ಎಕ್ಸ್‌ಫ್ಯಾಟ್ ಎಂಬ ಬೇರೆ ಫಾರ್ಮ್ಯಾಟಿನಲ್ಲಿ ಬರುತ್ತವೆ, ಹಳೆಯ ಮಾದರಿಗಳು ಅದನ್ನು ಓದುವುದಿಲ್ಲ. ಕ್ಯಾಮೆರಾಕ್ಕೆ ಎರಡೆರಡು ಕಾರ್ಡ್ ಇರಲಿ, ಒಂದು ತೆಗೆದು ಇನ್ನೊಂದು ಹಾಕಿ ಬನ್ನಿ. ಫಾರ್ಮ್ಯಾಟ್ ಅದೇ ಕ್ಯಾಮೆರಾದಲ್ಲಿ ಮಾಡಿ. ಮೊದಲ ಸಲ ಕಟ್ಟಿದ ಮೂರನೇ ದಿನಕ್ಕೆ ಹೋಗಿ ಚೌಕಟ್ಟು ಸರಿಯಿದೆಯೇ ನೋಡಿ. ಆಮೇಲೆ ಮೂರು ವಾರದವರೆಗೆ ಆ ಕಡೆ ಸುಳಿಯಬೇಡಿ. ದಿನಾ ಹೋಗಿ ನೋಡುವವರ ವಾಸನೆಗೆ ಪ್ರಾಣಿ ದಾರಿ ಬದಲಿಸುತ್ತದೆ.

ಮಳೆ, ಇರುವೆ, ಮಂಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆಗೆ ‘ವಾಟರ್‌ಪ್ರೂಫ್’ ಎಂಬ ಚೀಟಿ ಸಾಲದು. ಜಡಿಮಳೆ ಒಳಗಿಳಿಯುವುದು ಅಪರೂಪ, ತೇವದ ಗಾಳಿ ಒಳಗಿಳಿಯುವುದು ದಿನನಿತ್ಯ. ಬಾಗಿಲಿನ ಸುತ್ತಲಿನ ರಬ್ಬರಿನ ಮೇಲೆ ಒಂದು ಕೂದಲು, ಒಂದು ಮರಳಿನ ಕಾಳು ಇದ್ದರೂ ಅಲ್ಲೇ ದಾರಿ. ಪ್ರತಿ ಸಲ ಮುಚ್ಚುವ ಮುನ್ನ ಒಣಬಟ್ಟೆಯಲ್ಲಿ ರಬ್ಬರ್ ಸುತ್ತ ಒರೆಸಿ, ಬೆರಳಾಡಿಸಿ ನೋಡಿ. ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಿಸುವ ಜಾತಿಯದನ್ನೇ ಕೊಳ್ಳಿ: ಕಿತ್ತಳೆ ಹಸಿರಾದರೆ ತೇವ ತುಂಬಿತು ಎಂದರ್ಥ. ಕಾಳುಗಳನ್ನು ತಟ್ಟೆಗೆ ಸುರಿದು 120 ಡಿಗ್ರಿಯ ಓವನ್‌ನಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತವೆ. ಮಳೆ ಹನಿಯುವಾಗ ಕ್ಯಾಮೆರಾ ಬಾಗಿಲು ತೆರೆಯಬೇಡಿ. ತೆರೆಯಲೇಬೇಕಾದರೆ ಕೊಡೆಯೊಳಗೆ, ಮುಖ ಕೆಳಗೆ ಮಾಡಿ. ಮೇಲೊಂದು ಚಿಕ್ಕ ಚಪ್ಪರ ಕಟ್ಟುವುದಾದರೆ ಅದು ಎಲ್‌ಇಡಿಯ ಮುಂದಕ್ಕೆ ಚಾಚದಿರಲಿ, ಅದರ ತಳಕ್ಕೆ ಬೆಳಕು ಬಡಿದು ರಾತ್ರಿಯ ಫೋಟೊ ಬೆಳ್ಳಗಾಗುತ್ತದೆ. ಹುಲ್ಲು ಹತ್ತು ಹದಿನೈದು ದಿನಕ್ಕೇ ಮೊಣಕಾಲು ಮುಟ್ಟುವ ಕಾಲ ಅದು. ತೀರಾ ಬೇಕಿಲ್ಲದಿದ್ದರೆ ಮಳೆಗಾಲದಲ್ಲಿ ಕ್ಯಾಮೆರಾ ಬಿಚ್ಚಿ, ಸೆಲ್ ತೆಗೆದು, ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡುವುದೇ ಲೇಸು. ಇಲ್ಲದಿದ್ದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಒಳಗಡೆ ಹಿಡಿದ ಬೂಷ್ಟು ಹೋಗುವುದಿಲ್ಲ.

ಇರುವೆಗಳಿಗೆ ಕ್ಯಾಮೆರಾದ ಹಿಂಬದಿಯ ಬೆಚ್ಚಗಿನ ಸಂದು ಬಹಳ ಇಷ್ಟ, ಮೊಟ್ಟೆ ಸಮೇತ ಸಂಸಾರ ಹೂಡುತ್ತವೆ. ಚಗಳಿ ಇರುವೆಯ ಗೂಡಿರುವ ಮರ ಮೊದಲೇ ಬಿಡಿ. ಪಟ್ಟಿ ಮರವನ್ನು ಸುತ್ತುವ ಕಡೆ ಬೇವಿನೆಣ್ಣೆ ಸವರಬಹುದು, ಆದರೆ ವಾಸನೆಗೆ ಪ್ರಾಣಿ ಮೂಸಲು ಬರುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜ ಮೈಕಿನ ತೂತನ್ನೂ ಕೆಲವೊಮ್ಮೆ ಸೆನ್ಸರಿನ ಮುಖವನ್ನೂ ಮೆತ್ತಿಬಿಡುತ್ತದೆ. ಒಣಗಿದ ಮಣ್ಣನ್ನು ಕೆರೆದರೆ ಪ್ಲಾಸ್ಟಿಕ್ ಗೀರುತ್ತದೆ, ನೀರು ಹನಿಸಿ ನೆನೆಸಿ ತೆಗೆಯಿರಿ. ಮಂಗಗಳ ಗುಂಪು ಕ್ಯಾಮೆರಾವನ್ನು ಕಂಡರೆ ತಿರುಗಿಸದೆ ಬಿಡುವುದಿಲ್ಲ. ಒಂದೇ ಪಟ್ಟಿಯ ಬದಲು ಪಟ್ಟಿಯ ಜೊತೆ ಉಕ್ಕಿನ ಹಗ್ಗದ ಬೀಗವನ್ನೂ ಬಿಗಿದರೆ ತಿರುಗುವುದು ನಿಲ್ಲುತ್ತದೆ, ಕಳ್ಳರಿಗೂ ಒಂದಿಷ್ಟು ತಡೆ. ಕಾಟಿ ಮೈ ತಿಕ್ಕುವ ಮರ ತೊಗಟೆ ಸವೆದು ಕೆಸರು ಮೆತ್ತಿಕೊಂಡು ನುಣ್ಣಗಿರುತ್ತದೆ, ನೋಡಿದರೇ ಗೊತ್ತಾಗುತ್ತದೆ. ಅದಕ್ಕೆ ಕಟ್ಟದೆ ಅದರೆದುರಿನ ಮರಕ್ಕೆ ಕಟ್ಟಿ.

ಫೋಟೊ ಓದುವುದು

2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಬಂದ ಫೋಟೊ 3 ಕೋಟಿ 48 ಲಕ್ಷಕ್ಕೂ ಹೆಚ್ಚು. ಹುಲಿಯವು 76,651, ಚಿರತೆಯವು 51,777. ಅಷ್ಟು ಪಳಗಿದವರು ಇಟ್ಟಲ್ಲೂ ಬೇಕಾದ್ದು ಇಷ್ಟೇ ಎಂದಮೇಲೆ ನಮ್ಮ ಕಾರ್ಡಿನಲ್ಲಿ ನೂರಕ್ಕೆ ಐದು ಸಿಕ್ಕರೂ ಸಂತೋಷಪಡಬೇಕು. ಉಳಿದದ್ದನ್ನು ಕಣ್ಣಲ್ಲೇ ಆರಿಸುತ್ತ ಕೂರಬೇಕಿಲ್ಲ. ಮೆಗಾಡಿಟೆಕ್ಟರ್ ಎಂಬ ಉಚಿತ ತಂತ್ರಾಂಶ ಫೋಟೊಗಳನ್ನು ಪ್ರಾಣಿ, ಮನುಷ್ಯ, ವಾಹನ, ಖಾಲಿ ಎಂದು ವಿಂಗಡಿಸಿಕೊಡುತ್ತದೆ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ನಿಧಾನ, ರಾತ್ರಿ ಓಡಲು ಬಿಟ್ಟು ಮಲಗಿ. ಖಾಲಿ ಎಂದದ್ದರಲ್ಲಿ ಒಂದಿಷ್ಟನ್ನು ಕೈಯಾರೆ ನೋಡಿಯೇ ಅಳಿಸಬೇಕು, ಸಣ್ಣ ಪ್ರಾಣಿಗಳು ಅಲ್ಲಿ ಸಿಕ್ಕಿಕೊಂಡಿರುತ್ತವೆ.

ಎಣಿಸುವಾಗ ಫೋಟೊ ಎಣಿಸಬೇಡಿ. ಒಂದೇ ಹಂದಿ ಒಂದೇ ಗುಂಡಿಯಲ್ಲಿ ಅರ್ಧ ಗಂಟೆ ಹೊರಳಿದರೆ ನೂರು ಫೋಟೊ. ಒಂದು ಜಾತಿಯ ಎರಡು ಫೋಟೊಗಳ ನಡುವೆ ಮೂವತ್ತು ನಿಮಿಷಕ್ಕಿಂತ ಹೆಚ್ಚು ಬಿಡುವಿದ್ದರೆ ಮಾತ್ರ ಬೇರೆ ಭೇಟಿ ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಎರಡು ಕ್ಯಾಮೆರಾ ಮೂವತ್ತು ರಾತ್ರಿ ಕೆಲಸ ಮಾಡಿದರೆ 60 ಕ್ಯಾಮೆರಾ-ರಾತ್ರಿ. ಅದರಲ್ಲಿ ಆರು ಭೇಟಿಯೆಂದರೆ ನೂರಕ್ಕೆ ಹತ್ತು. ಈ ಅಂಕಿಯಿಂದ ಈ ತಿಂಗಳಿಗೂ ಆ ತಿಂಗಳಿಗೂ ಹೋಲಿಸಬಹುದು, ಕಾಡಿನಲ್ಲಿ ಎಷ್ಟು ಹಂದಿಯಿವೆ ಎಂದು ಹೇಳಲಾಗದು. ಸಂಖ್ಯೆ ಹೇಳಲು ಒಂದೊಂದು ಪ್ರಾಣಿಯನ್ನೂ ಗುರುತಿಸಬೇಕು. ಹುಲಿಯ ಪಟ್ಟೆಯಿಂದ ಹಾಗೆ ಗುರುತಿಸಿ ಸಂಖ್ಯೆ ಅಂದಾಜಿಸುವ ಕ್ರಮವನ್ನು ನಾಗರಹೊಳೆಯಲ್ಲಿ ರೂಪಿಸಿದವರು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು. 1995ರಲ್ಲಿ ಅದು ಪ್ರಕಟವಾಯಿತು. ಚಿರತೆಗೂ ಅದೇ ಕ್ರಮ. ಎಡಪಕ್ಕೆಯ ಚುಕ್ಕೆಗೂ ಬಲಪಕ್ಕೆಯ ಚುಕ್ಕೆಗೂ ಹೊಂದಾಣಿಕೆಯಿಲ್ಲ, ಹಾಗಾಗಿ ದಾರಿಯ ಎರಡೂ ಬದಿ ಕ್ಯಾಮೆರಾ ಬೇಕು. ಒಂದರ ಫ್ಲ್ಯಾಷ್ ಇನ್ನೊಂದರ ಕಣ್ಣಿಗೆ ಹೊಡೆಯದಂತೆ ಒಂದು ಮೀಟರಿನಷ್ಟು ಹಿಂದುಮುಂದು ಮಾಡಿ ಕಟ್ಟಬೇಕು.

ಗೋವಾದ ಕಾಡಿನಲ್ಲಿ ಕರಿಚಿರತೆಯೂ ಇದೆ. ಹಗಲಿನ ಬಣ್ಣದ ಫೋಟೊದಲ್ಲಿ ಮೈಯೆಲ್ಲ ಕಪ್ಪಾದರೂ ರಾತ್ರಿಯ ಅತಿಕೆಂಪು ಬೆಳಕಿನಲ್ಲಿ ಚುಕ್ಕೆಗಳು ಎದ್ದು ಕಾಣುತ್ತವೆ. ಹಾಗಾಗಿ ರಾತ್ರಿಯ ಫೋಟೊ ಒಂದನ್ನೇ ನೋಡಿ ಇದು ಮಾಮೂಲಿ ಚಿರತೆ ಎನ್ನಬೇಡಿ. ಕಪ್ಪುಬಿಳುಪಿನಲ್ಲಿ ಗೊಂದಲ ಮಾಡುವ ಇನ್ನೊಂದು ಜೋಡಿ ಪುನುಗಿನದು: ಬಾಲಕ್ಕೆ ಬಳೆಬಳೆ, ಬೆನ್ನ ಮೇಲೆ ಉದ್ದ ಗೆರೆ ಇದ್ದರೆ ನೆಲದ ಚಿಕ್ಕ ಪುನುಗುಬೆಕ್ಕು, ಬಾಲ ಪೂರಾ ಕಪ್ಪಾಗಿ ಮುಖಕ್ಕೆ ಮುಸುಕು ಹಾಕಿದಂತಿದ್ದರೆ ಮರವೇರುವ ತಾಳೆ ಪುನುಗು.

ಜನರ ಫೋಟೊ, ಉರುಳು, ಜಾಗದ ಗುಟ್ಟು

ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗುವ, ಸೌದೆ ತರುವ, ಬಯಲಿಗೆ ಹೋಗುವ ದಾರಿಯತ್ತ ಕ್ಯಾಮೆರಾ ತಿರುಗಿಸಬೇಡಿ. ಕಟ್ಟುವ ಮುನ್ನ ವಾಡೆಯವರಿಗೆ (ಕೇರಿಯವರಿಗೆ) ತಿಳಿಸಿ, ಎಲ್ಲಿದೆ ಎಂದು ತೋರಿಸಿ. ಹಾಗೆ ಮಾಡಿದ ಕಡೆ ಕ್ಯಾಮೆರಾ ಕಳೆಯುವುದೂ ಕಡಿಮೆ. ಅಕಸ್ಮಾತ್ ಬಂದ ಜನರ ಫೋಟೊಗಳನ್ನು ಅಳಿಸಿ, ಯಾರಿಗೂ ಕಳಿಸಬೇಡಿ. ಬಂದೂಕು, ಉರುಳು ಕಂಡರೆ ಮಾತ್ರ ಅಳಿಸದೆ, ಗ್ರೂಪಿಗೂ ಹಾಕದೆ, ಮೂಲ ಕಾರ್ಡನ್ನೇ ವಲಯ ಅರಣ್ಯಾಧಿಕಾರಿಗೆ ಕೊಡಿ. ಹಂದಿಗೆಂದು ಬ್ರೇಕ್ ಕೇಬಲ್ಲಿನಲ್ಲಿ ಹೂಡಿದ ಉರುಳಿಗೆ ಚಿರತೆಯೂ ಸಿಕ್ಕಿಬೀಳುತ್ತದೆ.

ಚಿರತೆ, ಹುಲಿ, ಚಿಪ್ಪುಹಂದಿ ಬಂದಾಗ ಫೋಟೊ ಹಂಚಿಕೊಳ್ಳುವ ಉತ್ಸಾಹ ಸಹಜ. 2020ರ ಜನವರಿಯಲ್ಲಿ ಮಹದಾಯಿ ಅಭಯಾರಣ್ಯದ ಗೋಳಾವಳಿಯಲ್ಲಿ ನಾಲ್ಕು ಹುಲಿಗಳು ವಿಷಕ್ಕೆ ಸತ್ತವು. ದನ ಕಳೆದುಕೊಂಡ ಸಿಟ್ಟು ಅದರ ಹಿಂದಿತ್ತು. ಪ್ರಾಣಿ ಯಾವ ದಾರಿಯಲ್ಲಿ, ಎಷ್ಟು ಗಂಟೆಗೆ ಬರುತ್ತದೆ ಎಂಬುದು ನಿಮ್ಮ ಫೋಟೊದ ಅಡಿಪಟ್ಟಿಯಲ್ಲೇ ಅಚ್ಚಾಗಿರುತ್ತದೆ, ಹಿಂದಿನ ಬಂಡೆ ನೋಡಿ ಜಾಗ ಹೇಳುವವರು ಊರಲ್ಲಿ ಹತ್ತು ಜನ ಇರುತ್ತಾರೆ. ದನ ಹಿಡಿದದ್ದಾದರೆ ಫೋಟೊವನ್ನು ಮೊದಲು ಅರಣ್ಯ ಇಲಾಖೆಗೆ ಕೊಟ್ಟು, ಪಂಚನಾಮೆ ಮಾಡಿಸಿ, ಮಾಲೀಕರಿಗೆ ಪರಿಹಾರದ ಅರ್ಜಿ ಬರೆದುಕೊಡಿ. ಕನ್ನಡದವರ ಬಹಳ ಮನೆಗಳಲ್ಲಿ ಮರಾಠಿ, ಕೊಂಕಣಿ ಓದಲು ಬಾರದೆ ಅರ್ಜಿಯೇ ಹೋಗಿರುವುದಿಲ್ಲ. ಹೊರಗೆ ಹಾಕುವ ಚಿತ್ರದ ಅಡಿಪಟ್ಟಿ ಕತ್ತರಿಸಿ, ಹಿನ್ನೆಲೆ ಕತ್ತರಿಸಿ, ಎರಡು ತಿಂಗಳು ತಡೆದು, ಊರಿನ ಹೆಸರಿಲ್ಲದೆ ತಾಲೂಕಿನ ಹೆಸರಷ್ಟೇ ಬರೆಯಿರಿ. ಚಿಪ್ಪುಹಂದಿಯದಾದರೆ ತಾಲೂಕಿನ ಹೆಸರೂ ಬೇಡ.